ಬಿಚ್ಚದ ಸೂಟ್‌ಕೇಸು, ಹೊಂದದ ಗಡಿಯಾರ

2021ರ ಆಗಸ್ಟ್ 7, ಶನಿವಾರ. ಅಂದು ಬೆಳಗಿನ ಜಾವ ಐದಕ್ಕೂ ಮುಂಚೆ ಎದ್ದು ಟಿ.ವಿ. ಮುಂದೆ ಕೂತವರಲ್ಲಿ ನಾನೂ ಒಬ್ಬ. ಟೋಕಿಯೊ ಒಲಿಂಪಿಕ್ಸ್‌ನ ಮಹಿಳಾ ಗಾಲ್ಫ್, ಕಸುಮಿಗಸೆಕಿ ಕ್ಲಬ್‌ನ ಅಂಗಳ, ಕೊನೆಯ ಸುತ್ತು. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಸಾಲಿನಲ್ಲಿದ್ದರು. ವಿಶ್ವ ಶ್ರೇಯಾಂಕದಲ್ಲಿ 200ರ ಆಸುಪಾಸಿನಲ್ಲಿದ್ದವರು. ಅಮ್ಮನೇ ಕ್ಯಾಡಿ, ಚೀಲ ಹೊತ್ತು ಜೊತೆಗೆ ನಡೆಯುತ್ತಿದ್ದರು. ಗುಡುಗು ಮಳೆಗೆ ಆಟ ನಿಂತು ಮತ್ತೆ ಶುರುವಾಗಿ ಮುಗಿಯುವ ಹೊತ್ತಿಗೆ ಅದಿತಿ ನಾಲ್ಕನೆಯವರು. ಕಂಚಿಗೂ ಅವರಿಗೂ ನಡುವೆ ಇದ್ದದ್ದು ಒಂದೇ ಒಂದು ಹೊಡೆತ.

ಆ ಒಂದು ಹೊಡೆತದ ಬಗ್ಗೆ ಆಗ ಬೇಕಾದಷ್ಟು ಮಾತಾಯಿತು. ಅದಕ್ಕೆ ಎರಡು ತಿಂಗಳ ಹಿಂದೆ ಅವರಿಗೆ ಕೋವಿಡ್ ಬಂದಿತ್ತು ಎಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಕಾಯಿಲೆ ಹೋದ ಮೇಲೂ ಮೈಯಲ್ಲಿ ಮೊದಲಿನ ಕಸುವಿಲ್ಲ, ಚೆಂಡು ಮೊದಲಿನಷ್ಟು ದೂರ ಹೋಗುತ್ತಿಲ್ಲ ಎಂದು ಅದಿತಿಯವರೇ ಹೇಳಿಕೊಂಡಿದ್ದರು. ಕಣದಲ್ಲಿದ್ದ 60 ಮಂದಿಯಲ್ಲಿ ಅತಿ ಕಡಿಮೆ ದೂರ ಹೊಡೆಯುತ್ತಿದ್ದವರ ಪೈಕಿ ಅವರಿದ್ದರು. ಉಳಿದವರು ಚಿಕ್ಕ ಐರನ್ ಹಿಡಿದು ಹಗುರಾಗಿ ಕುಳಿಯ ಸುತ್ತಲಿನ ಗ್ರೀನ್ ಮೇಲೆ ಇಳಿಸುತ್ತಿದ್ದ ಕಡೆ ಇವರು ಉದ್ದನೆಯ ಕೋಲು ಎತ್ತಿಕೊಳ್ಳಬೇಕಾಗಿತ್ತು. ಆ ಕೊರತೆಯನ್ನೆಲ್ಲ ಅವರು ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಪಟಿಂಗ್‌ನಲ್ಲಿ ತುಂಬಿಕೊಂಡರು.

ಜ್ವರ ಬಿಟ್ಟ ಮೇಲೂ ಬಲ ಯಾಕೆ ಬರುವುದಿಲ್ಲ? ವೈರಸ್ ಹೊಕ್ಕಾಗ ನಮ್ಮ ರಕ್ಷಣಾ ಕೋಶಗಳು ಸೈಟೊಕೈನ್ ಎಂಬ ಸಂದೇಶ ಕಣಗಳನ್ನು ರಕ್ತಕ್ಕೆ ಬಿಡುತ್ತವೆ. ಅವು ಮಿದುಳಿಗೆ ತಲುಪಿಸುವ ಸುದ್ದಿ ಒಂದೇ: ಕೆಲಸ ನಿಲ್ಲಿಸು, ಮಲಗು. ಊಟ ರುಚಿಸದಿರುವುದು, ಮೈಕೈ ನೋವು, ಯಾರೊಂದಿಗೂ ಮಾತು ಬೇಡ ಅನಿಸುವುದು, ಎಲ್ಲ ಅದರ ಫಲವೇ. ಇದು ದೇಹದ ದೌರ್ಬಲ್ಯವಲ್ಲ, ದೇಹ ಬೇಕೆಂದೇ ಹಾಕುವ ಬ್ರೇಕು. ಅದೇ ಹೊತ್ತಿಗೆ ಸ್ನಾಯುವಿನ ಪ್ರೋಟೀನ್ ಒಡೆದು ಸೋಂಕಿನ ವಿರುದ್ಧದ ಕೆಲಸಕ್ಕೆ ಬಳಕೆಯಾಗುತ್ತದೆ. ವಾರಗಟ್ಟಲೆ ಮಲಗಿದರೆ ತೊಡೆ, ಸೊಂಟದ ಸ್ನಾಯುಗಳು ಮೊದಲು ಸೊರಗುತ್ತವೆ. ಗಾಲ್ಫ್ ಹೊಡೆತದ ಬಲ ಹುಟ್ಟುವುದೇ ಅಲ್ಲಿ. ತೋಳು ಕಡೆಯ ಕೊಂಡಿ, ಅಷ್ಟೆ.

ಲೆಕ್ಕ ಸರಳವಾಗಿದೆ. ವೃತ್ತಿಪರ ಆಟಗಾರ್ತಿಯ ಡ್ರೈವರ್ ಕೋಲಿನ ತುದಿ ಗಂಟೆಗೆ ಸುಮಾರು 150 ಕಿ.ಮೀ. ವೇಗದಲ್ಲಿ ಚೆಂಡಿಗೆ ಬಡಿಯುತ್ತದೆ. ಆ ವೇಗದಲ್ಲಿ 8 ಕಿ.ಮೀ. ಇಳಿದರೆ ಚೆಂಡು ಸುಮಾರು 12 ಗಜ ಹಿಂದೆ ಬೀಳುತ್ತದೆ. ಹೊರಗಿನಿಂದ ನೋಡುವವರಿಗೆ ಆ ವ್ಯತ್ಯಾಸ ಕಾಣಿಸುವುದೇ ಇಲ್ಲ.

ಗಾಲ್ಫ್ ಎಂದರೆ ಹುಲ್ಲಿನ ಮೇಲೆ ಅಡ್ಡಾಡುವ ಶ್ರೀಮಂತರ ಆಟ, ಅದರಲ್ಲಿ ಸುಸ್ತೇನು ಬಂತು ಎಂದು ಕೇಳುವವರುಂಟು. ವೃತ್ತಿಪರರ ಒಂದು ವಾರವನ್ನು ಹತ್ತಿರದಿಂದ ನೋಡಿದರೆ ಆ ಪ್ರಶ್ನೆ ಉಳಿಯುವುದಿಲ್ಲ. ಸೋಮವಾರ ವಿಮಾನ. ಮಂಗಳವಾರ ಹೊಸ ಅಂಗಳದಲ್ಲಿ ಅಭ್ಯಾಸದ ಸುತ್ತು. ಬುಧವಾರ ಪ್ರಾಯೋಜಕರ ಅತಿಥಿಗಳ ಜೊತೆ ಆಡುವ ಪ್ರೊ-ಆಮ್. ಗುರುವಾರದಿಂದ ಭಾನುವಾರದವರೆಗೆ ಸ್ಪರ್ಧೆ. ಒಂದು ಸುತ್ತಿಗೆ ನಾಲ್ಕೂವರೆ, ಐದು ಗಂಟೆ. ಉಬ್ಬುತಗ್ಗಿನ ನೆಲದ ಮೇಲೆ ಎಂಟು, ಹತ್ತು ಕಿ.ಮೀ. ನಡಿಗೆ. ಸಾವಿರ ಕಿಲೊಕ್ಯಾಲರಿಗೂ ಮಿಕ್ಕಿದ ಶಕ್ತಿಯ ಖರ್ಚು. ಆಟದ ಮೊದಲು ಒಂದೆರಡು ಗಂಟೆ, ಆಟದ ನಂತರ ಮತ್ತೆ ಅಷ್ಟೇ ಹೊತ್ತು ಅಭ್ಯಾಸ. ಭಾನುವಾರ ರಾತ್ರಿ ಸೂಟ್‌ಕೇಸು ತುಂಬಿದರೆ ಸೋಮವಾರ ಇನ್ನೊಂದು ದೇಶ.

ಕ್ರಿಕೆಟಿಗನಿಗೆ ಜ್ವರ ಬಂದರೆ ತಂಡದಲ್ಲಿ ಹನ್ನೆರಡನೆಯವನಿದ್ದಾನೆ. ಗಾಲ್ಫ್‌ನಲ್ಲಿ ಬದಲಿ ಎಂಬುದೇ ಇಲ್ಲ. ಎರಡು ದಿನದ ಆಟದ ನಂತರ 'ಕಟ್' ದಾಟದವರು ಶುಕ್ರವಾರ ಸಂಜೆಗೇ ಹೊರಗೆ, ಸಾಮಾನ್ಯವಾಗಿ ಅವರಿಗೆ ಬಹುಮಾನದ ಹಣವೂ ಇಲ್ಲ. ವಿಮಾನದ ಟಿಕೆಟ್ಟು, ಹೋಟೆಲು, ಕ್ಯಾಡಿಯ ಸಂಬಳ, ಎಲ್ಲವೂ ಆಟಗಾರನ ಕೈಯಿಂದಲೇ. ಮುಂದಿನ ವರ್ಷದ ಅರ್ಹತೆ ನಿಂತಿರುವುದೂ ಈ ವರ್ಷ ಗಳಿಸಿದ ಅಂಕಗಳ ಮೇಲೆ. ಹೀಗಿರುವಾಗ ಗಂಟಲು ಕೆರೆಯುತ್ತಿದ್ದರೂ, ಮೈ ಕಾದಿದ್ದರೂ ಆಟ ಶುರುವಾಗುವ ಮೊದಲ ಟೀ ಮೇಲೆ ಹೋಗಿ ನಿಲ್ಲುತ್ತಾರೆ. ಅದನ್ನು ಅವರ ಹಟ ಎಂದು ನಾವು ಹೊಗಳುತ್ತೇವೆ. ನನಗೆ ಅದು ಹಟಕ್ಕಿಂತ ಹೆಚ್ಚಾಗಿ ಬೇರೆ ದಾರಿಯಿಲ್ಲದ ಸ್ಥಿತಿ ಎನಿಸುತ್ತದೆ.

ಇನ್ನು ಗಡಿಯಾರದ ವಿಷಯ. ಎರಡೂ ಕಣ್ಣಿನ ನರಗಳು ಮಿದುಳಿನ ತಳದಲ್ಲಿ ಕತ್ತರಿಯಂತೆ ಕೂಡುವ ಜಾಗದ ಸ್ವಲ್ಪ ಮೇಲೆ ಸುಮಾರು 20 ಸಾವಿರ ನರಕೋಶಗಳ ಒಂದು ಪುಟ್ಟ ಗೊಂಚಲಿದೆ. ದೇಹದ ಹೊತ್ತುಗೊತ್ತು ನೋಡಿಕೊಳ್ಳುವುದು ಅದೇ. ಮನುಷ್ಯರಲ್ಲಿ ಅದರ ಸ್ವಂತ ಓಟ 24 ಗಂಟೆಗಿಂತ ಹತ್ತು ಹನ್ನೆರಡು ನಿಮಿಷ ಉದ್ದ. ದಿನದಿನವೂ ಸೂರ್ಯನ ಬೆಳಕು ಅದನ್ನು ಸರಿಪಡಿಸುತ್ತಿರುತ್ತದೆ. ಇಂಥ ಗಡಿಯಾರಗಳು ಕೋಶದೊಳಗೆ ಹೇಗೆ ನಡೆಯುತ್ತವೆ ಎಂದು ತೋರಿಸಿಕೊಟ್ಟ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಹಸಿವು, ಮಲವಿಸರ್ಜನೆ, ಮೈಬಿಸಿ, ನಿದ್ದೆ ತರುವ ಮೆಲಟೋನಿನ್ ಎಲ್ಲ ಈ ಗಡಿಯಾರದ ತಾಳಕ್ಕೆ ನಡೆಯುತ್ತವೆ. ಮೈಬಿಸಿ ದಿನದಲ್ಲೇ ಅತಿ ಕೆಳಗಿಳಿಯುವುದು ನಾವು ಏಳುವುದಕ್ಕೆ ಎರಡು ಮೂರು ಗಂಟೆ ಮೊದಲು, ಅಂದರೆ ಬೆಳಗಿನ ಜಾವ ನಾಲ್ಕರ ಸುಮಾರಿಗೆ. ಎಚ್ಚರ, ಕೈಯ ಹದ, ತೀರ್ಮಾನದ ಚುರುಕು ಎಲ್ಲವೂ ಮಂಕಾಗುವ ಗಳಿಗೆ ಅದು. ಆ ಶನಿವಾರ ನಸುಕಿನಲ್ಲೆದ್ದು ಟಿ.ವಿ. ನೋಡಿದವರಿಗೆಲ್ಲ ಅದರ ಭಾರ ಕಣ್ಣಿನ ರೆಪ್ಪೆಯ ಮೇಲೆ ಗೊತ್ತಾಗಿರಬೇಕು.

ನಮ್ಮ ಗಾಲ್ಫಿಗ ಶುಭಂಕರ್ ಶರ್ಮಾ 2018ರ ಮಾರ್ಚ್‌ನಲ್ಲಿ ಮೆಕ್ಸಿಕೊ ನಗರದಲ್ಲಿ ವಿಶ್ವದ ಘಟಾನುಘಟಿಗಳ ನಡುವೆ ಆಡಿದರು. ವಯಸ್ಸು 21. ಮೂರನೇ ದಿನದ ಕೊನೆಗೆ ಅವರೇ ಮುಂದಿದ್ದರು. ಭಾನುವಾರ ಅಲ್ಲಿ ಆಟ ಮುಗಿಯಿತು, ಗುರುವಾರ ದೆಹಲಿ ಬಳಿ ಇಂಡಿಯನ್ ಓಪನ್ ಶುರು. ಎರಡೂ ಊರಿನ ಗಡಿಯಾರಗಳ ನಡುವೆ ಹನ್ನೊಂದೂವರೆ ಗಂಟೆಯ ಅಂತರ. ದೆಹಲಿಯ ಮಧ್ಯಾಹ್ನ ಹನ್ನೆರಡು ಎಂದರೆ ಮೆಕ್ಸಿಕೊದ ನಡುರಾತ್ರಿ ಹನ್ನೆರಡೂವರೆ. ದೆಹಲಿಯಲ್ಲಿ ಸಂಜೆ ನಾಲ್ಕಕ್ಕೆ ಪಟ್ ಮಾಡಲು ಬಾಗಿದವನ ತಲೆಯೊಳಗೆ, ಮೆಕ್ಸಿಕೊಕ್ಕೆ ಪೂರ್ತಿ ಒಗ್ಗಿದ್ದರೆ, ಆಗ ಬೆಳಗಿನ ಜಾವ ನಾಲ್ಕೂವರೆ! ಪೂರ್ವಕ್ಕೆ ಹೋದರೆ ದಿನಕ್ಕೆ ಸುಮಾರು ಒಂದು ಗಂಟೆ, ಪಶ್ಚಿಮಕ್ಕೆ ಹೋದರೆ ಒಂದೂವರೆ ಗಂಟೆ ಮಾತ್ರ ದೇಹದ ಗಡಿಯಾರ ಸರಿಯುತ್ತದೆ ಎಂಬುದು ಸ್ಥೂಲ ಲೆಕ್ಕ. ಅಷ್ಟು ದೂರದ ಅಂತರ ತುಂಬಲು ಎಂಟು ಹತ್ತು ದಿನವಾದರೂ ಬೇಕು. ಇದ್ದದ್ದು ನಾಲ್ಕು ದಿನಕ್ಕೂ ಕಡಿಮೆ.

ಆದರೂ ಶರ್ಮಾ ಇಂಡಿಯನ್ ಓಪನ್‌ನ ಎರಡನೇ ದಿನದ ಸುತ್ತನ್ನು 64 ಹೊಡೆತಗಳಲ್ಲೇ ಮುಗಿಸಿದರು. ಇದನ್ನು ಮುಚ್ಚಿಡಬಾರದು. ಜೆಟ್‌ಲ್ಯಾಗ್ ಆದವರೆಲ್ಲ ಅಂದೇ ಕುಸಿದು ಬೀಳುವುದಿಲ್ಲ. ಹದಿಹರೆಯ ಆಗಷ್ಟೇ ದಾಟಿದ ಮೈ, ಪರಿಚಿತ ನೆಲ, ಗೆಲುವಿನ ಹುಮ್ಮಸ್ಸು ಒಂದೆರಡು ದಿನ ದೇಹವನ್ನು ಎತ್ತಿ ಹಿಡಿಯುತ್ತವೆ. ಕೊನೆಗೆ ಅವರು ಏಳನೇ ಸ್ಥಾನ ಹಂಚಿಕೊಂಡರು. ಒಂದು ವಾರದ ಅಂಕಪಟ್ಟಿಯಲ್ಲಿ ದಣಿವು ಎಷ್ಟು, ಅದೃಷ್ಟ ಎಷ್ಟು ಎಂದು ಬಿಡಿಸಿ ಹೇಳಲು ಸಾಧ್ಯವಿಲ್ಲ. ದಣಿವು ಕಾಣಿಸಿಕೊಳ್ಳುವುದು ಹಲವು ವಾರಗಳ ಮೊತ್ತದಲ್ಲಿ.

ಬೆಳಕು ಗಡಿಯಾರವನ್ನು ಎತ್ತ ತಳ್ಳುತ್ತದೆ ಎಂಬುದಕ್ಕೂ ಒಂದು ಸೂಕ್ಷ್ಮವಿದೆ. ಮೈಬಿಸಿ ತಳ ಮುಟ್ಟುವ ಗಳಿಗೆಗೆ ಮುಂಚೆ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ನಂತರ ಬಿದ್ದದ್ದು ಮುಂದಕ್ಕೆ. ಬೆಂಗಳೂರಿನಿಂದ ಟೋಕಿಯೊಗೆ ಹೋದವರಿಗೆ ಗಡಿಯಾರ ಮೂರೂವರೆ ಗಂಟೆ ಮುಂದಕ್ಕೆ ಹೋಗಬೇಕು. ನಮ್ಮ ನಾಲ್ಕು ಗಂಟೆ ಅಲ್ಲಿಯ ಏಳೂವರೆ. ಜಪಾನಿನಲ್ಲಿ ಬೇಸಿಗೆಯ ಸೂರ್ಯ ಐದಕ್ಕೆಲ್ಲ ಮೇಲೆದ್ದಿರುತ್ತಾನೆ. ಮೊದಲ ದಿನ ಉತ್ಸಾಹದಿಂದ ಐದೂವರೆಗೇ ಅಭ್ಯಾಸಕ್ಕೆ ಇಳಿದರೆ ಗಡಿಯಾರ ಬೇಡದ ದಿಕ್ಕಿಗೆ ಸರಿಯುತ್ತದೆ. ಏಳೂವರೆಯವರೆಗೆ ಪರದೆ ಎಳೆದುಕೊಂಡಿದ್ದು ಅಥವಾ ಕಪ್ಪು ಕನ್ನಡಕ ಹಾಕಿಕೊಂಡಿದ್ದು, ಆಮೇಲೆ ಬಿಸಿಲಿಗೆ ಮುಖ ಒಡ್ಡುವುದು ಸರಿಯಾದ ಕ್ರಮ. ಖರ್ಚಿಲ್ಲದ ಈ ಉಪಾಯ ವಿದೇಶಕ್ಕೆ ಆಡಲು ಹೋಗುವ ನಮ್ಮ ಎಳೆಯರಿಗೆ, ಅವರ ಜೊತೆ ಹೋಗುವ ಅಪ್ಪ ಅಮ್ಮಂದಿರಿಗೆ ಗೊತ್ತಿರಲಿ.

ನಿದ್ದೆ ಕೆಟ್ಟರೆ ಹಿಂದೆಯೇ ನೆಗಡಿ. ಇದು ಅಜ್ಜಿಯರ ಮಾತಷ್ಟೇ ಅಲ್ಲ. ಅಮೆರಿಕದಲ್ಲಿ 153 ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಸ್ ಇರುವ ಹನಿ ಬಿಟ್ಟು ಕಾದು ನೋಡಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಏಳು ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ ನೆಗಡಿ ಹಿಡಿಯುವ ಸಾಧ್ಯತೆ, ಎಂಟು ಗಂಟೆ ಅಥವಾ ಹೆಚ್ಚು ಮಲಗುವವರಿಗಿಂತ ಮೂರು ಪಟ್ಟಿನಷ್ಟಿತ್ತು. ವೈರಸ್ ಎಲ್ಲರಿಗೂ ಒಂದೇ, ತಡೆಯುವ ಶಕ್ತಿ ಬೇರೆ.

ಪ್ರವಾಸದಲ್ಲಿ ಕಾಯಿಲೆ ಬಿದ್ದರೆ ಬೈಗುಳವೆಲ್ಲ ವಿಮಾನಕ್ಕೆ ಬೀಳುತ್ತದೆ. ಅದು ಪೂರ್ತಿ ನ್ಯಾಯವಲ್ಲ. ಕ್ಯಾಬಿನ್ನಿನ ಗಾಳಿ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಗಾಳಿಯಷ್ಟೇ ತೆಳು, ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಹದಿನಾಲ್ಕು ಗಂಟೆ ಕೂತ ಹಾಗೆ. ತೇವಾಂಶ ಶೇ 20ಕ್ಕೂ ಕಡಿಮೆ. ಮೂಗು ಗಂಟಲಿನ ತೇವ ಒಣಗಿ ರೋಗಾಣುಗಳನ್ನು ಹಿಡಿದು ಹೊರಹಾಕುವ ಲೋಳೆಪದರ ಮಂದವಾಗುತ್ತದೆ. ಇಷ್ಟು ನಿಜ. ಆದರೆ 2010ರ ಸೂಪರ್ 14 ರಗ್ಬಿ ಟೂರ್ನಿಯಲ್ಲಿ 259 ಆಟಗಾರರನ್ನು ದಿನವೂ ಗಮನಿಸಿದ ವೈದ್ಯರಿಗೆ ಬೇರೆಯೇ ಸಂಗತಿ ಕಂಡಿತು. ಗಡಿಯಾರದಲ್ಲಿ ಐದು ಗಂಟೆಗಿಂತ ಹೆಚ್ಚು ಅಂತರವಿರುವ ಊರಿಗೆ ಹೋದಾಗ ಆಟಗಾರರು ಕಾಯಿಲೆ ಬೀಳುವ ಪ್ರಮಾಣ ದುಪ್ಪಟ್ಟಾಯಿತು. ಅಷ್ಟೇ ದೂರದ ವಿಮಾನ ಹತ್ತಿ ಊರಿಗೆ ಮರಳಿದ ಮೇಲೆ ಮಾತ್ರ ಏರಲಿಲ್ಲ, ಇಳಿಯಿತು. ಅಂದರೆ ತಪ್ಪು ಸೀಟಿನದಲ್ಲ. ಹೋದ ಜಾಗದ ಹೊಸ ರೋಗಾಣು, ಹೊಸ ನೀರು, ಹೊಸ ಊಟ, ಹೊಂದದ ಗಡಿಯಾರ, ಇವೆಲ್ಲ ಕೂಡಿ ಕೆಡವುತ್ತವೆ. ಗಾಲ್ಫ್ ಆಟಗಾರನಿಗೆ ಈ ಅಧ್ಯಯನ ಇನ್ನೂ ಕಠಿಣವಾಗಿ ಅನ್ವಯಿಸುತ್ತದೆ ಎಂಬುದು ನನ್ನ ಎಣಿಕೆ. ರಗ್ಬಿಯವರು ತವರಿಗೆ ಮರಳಿ ಚೇತರಿಸಿಕೊಂಡರು, ಇವರು ಅಲ್ಲಿಂದ ಹೋಗುವುದು ಮತ್ತೊಂದು ಪರ ಊರಿಗೆ.

ಔಷಧಿಯ ದಾರಿಯೂ ಇಕ್ಕಟ್ಟು. ಮೂಗು ಕಟ್ಟಿದಾಗ ಕೊಡುವ ಸೂಡೋಎಫೆಡ್ರಿನ್ ಸ್ಪರ್ಧೆಯ ವೇಳೆ ಒಂದು ಮಿತಿ ಮೀರಿ ಮೂತ್ರದಲ್ಲಿ ಸಿಕ್ಕರೆ ಉದ್ದೀಪನ ಮದ್ದಿನ ಪ್ರಕರಣವಾಗುತ್ತದೆ. ನಾವು ಅಂಗಡಿಯಲ್ಲಿ ಕೇಳಿ ನುಂಗುವ ಮಾತ್ರೆಯ ಪೊಟ್ಟಣವನ್ನು ಅವರು ತಿರುಗಿಸಿ ಸಣ್ಣಕ್ಷರ ಓದಬೇಕು.

ದಣಿವಿನ ಬೆಲೆ ಹೆಚ್ಚು ತೆರಬೇಕಾದ್ದು ಉದ್ದನೆಯ ಹೊಡೆತದಲ್ಲಲ್ಲ, ಗ್ರೀನ್ ಮೇಲೆ. ಗಾಲ್ಫ್ ಕುಳಿಯ ಅಗಲ 108 ಮಿ.ಮೀ. ಮೂರು ಮೀಟರ್ ದೂರದಿಂದ ಚೆಂಡು ಉರುಳಿಸುವಾಗ ದಿಕ್ಕು ಎಡಕ್ಕೋ ಬಲಕ್ಕೋ ಒಂದು ಡಿಗ್ರಿ ತಪ್ಪಿದರೆ ಚೆಂಡು ಕುಳಿಯ ಅಂಚಿಗೆ ಹೋಗಿಬಿಡುತ್ತದೆ. ಗಡಿಯಾರದ ಮುಖದ ಮೇಲೆ ನಿಮಿಷದ ಮುಳ್ಳು ಹತ್ತು ಸೆಕೆಂಡಿನಲ್ಲಿ ಸರಿಯುವಷ್ಟು ಕೋನ ಅದು. ನೆಲದ ಇಳಿಜಾರು ಓದುವ ಕಣ್ಣು, ಎಷ್ಟು ಬಲ ಎಂದು ನಿರ್ಧರಿಸುವ ಮಿದುಳು, ನಡುಗದ ಮಣಿಕಟ್ಟು, ಮೂರೂ ಕೂಡಿ ಆ ಒಂದು ಡಿಗ್ರಿಯೊಳಗೆ ಇರಬೇಕು. ನಿದ್ದೆಗೆಟ್ಟಾಗ ಮೊದಲು ಕೈಕೊಡುವುದು ಇವೇ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆಯಿದ್ದ 12 ಮಂದಿ ಹವ್ಯಾಸಿ ಗಾಲ್ಫಿಗರಿಗೆ ಚಿಕಿತ್ಸೆ ಕೊಟ್ಟು ನೋಡಿದ ಒಂದು ಅಮೆರಿಕನ್ ಅಧ್ಯಯನದಲ್ಲಿ ಅವರ ಆಟ ಸುಧಾರಿಸಿತು. ಅದು ಪುಟ್ಟ ಅಧ್ಯಯನ, ಆದರೂ ಅದರಲ್ಲಿ ನನ್ನ ಗಮನ ಸೆಳೆದ ಅಂಶ ಇದು: ಹೆಚ್ಚು ಪಳಗಿದವರ ಆಟವೇ ಹೆಚ್ಚು ಸುಧಾರಿಸಿತ್ತು.

ದೊಡ್ಡ ಆಟಗಾರರು ಈಗ ಬಾಯಿ ಬಿಡುತ್ತಿದ್ದಾರೆ. ರೋರಿ ಮೆಕಿಲ್‌ರಾಯ್ 2023ರ ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಮುಗಿದ ಮರುವಾರದ ಕಡ್ಡಾಯ ಟೂರ್ನಿಗೆ ಹೋಗಲಿಲ್ಲ. ಮನಸ್ಸಿನ ನೆಮ್ಮದಿಗೆ ಬಿಡುವು ಬೇಕಿತ್ತು ಎಂದರು. ಅದಕ್ಕೆ ತೆತ್ತದ್ದು 30 ಲಕ್ಷ ಡಾಲರ್ ಬೋನಸ್. ಆ ನಷ್ಟ ಅವರು ತಡೆದುಕೊಳ್ಳಬಲ್ಲದ್ದು. ಕಟ್ ದಾಟಿದರೆ ಮಾತ್ರ ಮುಂದಿನ ವಿಮಾನದ ಟಿಕೆಟ್ಟು ಎಂಬ ಸ್ಥಿತಿಯಲ್ಲಿರುವ ಇಪ್ಪತ್ತರ ಹರೆಯದವರಿಗೆ ಒಂದು ವಾರದ ಬಿಡುವನ್ನು ಯಾರು ಕೊಡಬೇಕು? ವೇಳಾಪಟ್ಟಿ ಬರೆಯುವವರು ಮನಸ್ಸು ಮಾಡಿದರೆ ಆಗುತ್ತದೆ, ಹಿಂದೊಮ್ಮೆ ಆಗಿಯೂ ಇದೆ.

1964ರವರೆಗೆ ಯು.ಎಸ್. ಓಪನ್‌ನಲ್ಲಿ ಕೊನೆಯ ಎರಡು ಸುತ್ತುಗಳನ್ನು ಶನಿವಾರ ಒಂದೇ ದಿನ ಆಡಿಸುತ್ತಿದ್ದರು. ಒಟ್ಟು 36 ಕುಳಿ. ಆ ವರ್ಷ ಜೂನ್ 20ರಂದು ವಾಷಿಂಗ್ಟನ್ ಬಳಿಯ ಕಾಂಗ್ರೆಷನಲ್ ಕ್ಲಬ್‌ನಲ್ಲಿ ಶಾಖ 38 ಡಿಗ್ರಿಯ ಹತ್ತಿರ, ಜೊತೆಗೆ ಸೆಕೆ. ಕೆನ್ ವೆಂಚೂರಿ ಬೆಳಗಿನ ಸುತ್ತನ್ನು 66ಕ್ಕೆ ಮುಗಿಸಿದರು, ಆದರೆ ಕೊನೆಯ ಕುಳಿಗಳಲ್ಲಿ ಅವರ ಮೈ ನಡುಗುತ್ತಿತ್ತು. ಬಿಡುವಿನಲ್ಲಿ ನೆಲಕ್ಕೆ ಒರಗಿದ ಅವರನ್ನು ಪರೀಕ್ಷಿಸಿದ ವೈದ್ಯರು ಮತ್ತೆ ಆಡಿದರೆ ಪ್ರಾಣಕ್ಕೆ ಅಪಾಯ ಎಂದರು. ವೆಂಚೂರಿ ಚಹಾ ಕುಡಿದು, ಉಪ್ಪಿನ ಮಾತ್ರೆ ನುಂಗಿ ಎದ್ದರು. ವೈದ್ಯರೂ ಅವರ ಜೊತೆಗೇ ನಡೆದರು. ವೆಂಚೂರಿ ನಾಲ್ಕು ಹೊಡೆತಗಳ ಅಂತರದಿಂದ ಗೆದ್ದರು. ಕೊನೆಯ ಚೆಂಡು ಕುಳಿಗೆ ಬಿದ್ದ ಮೇಲೆ ಅದನ್ನು ಎತ್ತಿಕೊಳ್ಳಲು ಬಗ್ಗುವ ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ. ಜೊತೆಗೆ ಆಡುತ್ತಿದ್ದ 21ರ ಹುಡುಗ ರೇಮಂಡ್ ಫ್ಲಾಯ್ಡ್ ಬಗ್ಗಿ ಚೆಂಡು ತೆಗೆದು ಅವರ ಕೈಗಿಟ್ಟರು. ಫ್ಲಾಯ್ಡ್ ಕಣ್ಣಲ್ಲಿ ನೀರಿತ್ತು. ಮರುವರ್ಷದಿಂದ ಯು.ಎಸ್. ಓಪನ್ ನಾಲ್ಕು ದಿನಗಳ ಟೂರ್ನಿಯಾಯಿತು, ದಿನಕ್ಕೆ ಒಂದೇ ಸುತ್ತು.