ಮಾಳಿಗೆ ಮೇಲಿನ ಸೋಲಾರ್, ಜಿನೀವಾದ ಜಗಳ

ಸೊಲ್ಲಾಪುರ, ಅಕ್ಕಲಕೋಟೆ ಕಡೆ ಮಾಳಿಗೆ ಮೇಲೆ ಸೋಲಾರ್ ಹಾಕಸ್ತೀರೇನು? ಸೂರ್ಯಘರ್ ಯೋಜನೆ 78,000 ರೂಪಾಯಿವರೆಗೆ ಸಬ್ಸಿಡಿ ಕೊಡ್ತದ. ಷರತ್ತು: ಫಲಕವೂ ಒಳಗಿನ ಸೆಲ್ಲೂ ಭಾರತದಲ್ಲೇ ತಯಾರಾಗಿರಬೇಕು; ಇಂಥ ಫಲಕಕ್ಕೆ ಡಿಸಿಆರ್ ಅಂತಾರ.

ಇಂಥದ್ದೇ ಷರತ್ತು ರಾಷ್ಟ್ರೀಯ ಸೌರ ಮಿಷನ್‌ನಲ್ಲೂ ಇತ್ತು. ಅದರ ವಿರುದ್ಧ 2013ರಲ್ಲಿ ಅಮೆರಿಕ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ಸರ್ಕಾರಿ ಖರೀದಿಗೆ ವಿನಾಯಿತಿ ಉಂಟು ಅಂತ ಭಾರತ ವಾದಿಸಿತು. ಆದರ ಸರ್ಕಾರ ಕೊಳ್ಳೋದು ಕರೆಂಟು, ಫಲಕವಲ್ಲ. ಈ ಒಂದೇ ಎಳೆಯ ಮೇಲೆ 2016ರಲ್ಲಿ ವಾದ ಬಿದ್ದುಹೋಯ್ತು. 2019ರಲ್ಲಿ, ಭಾರತದ ದೂರಿನ ಮೇಲೆ, ಅಮೆರಿಕದ ರಾಜ್ಯಗಳ ಇಂಥ ನಿಯಮಗಳೂ ತಪ್ಪೆಂದು ತೀರ್ಪು ಬಂತು. 2023ರಲ್ಲಿ ಎರಡೂ ದೇಶಗಳ ನಡುವೆ ರಾಜಿ.

ನಡುವೆ, 2022ರ ಏಪ್ರಿಲ್‌ನಲ್ಲಿ ಆಮದು ಫಲಕಕ್ಕೆ ಶೇ. 40 ಸುಂಕ. ಇಲ್ಲಿ ಕಾರ್ಖಾನೆ ಬೆಳೀಬೇಕು, ಖರೆ. ಆದರ ಆ ಸುಂಕ ಕಟ್ಟಿದ್ದು ಫಲಕ ಮಾರಿದ ಚೀನಾ ಅಲ್ಲ, ಕೊಂಡ ನಾವು.

ಸಬ್ಸಿಡಿ ಬೇಕಂದ್ರ ಫಲಕ ಡಿಸಿಆರ್ ಅದನೋ ಇಲ್ಲೋ, ಮೊದಲೇ ಕೇಳಿ ನೋಡ್ರಿ.