ಫಿಲಾಸಫಿ ಓದಿದ್ರೆ ಅನ್ನ ಹುಟ್ಟುತ್ತಾ ಸಾರ್?

ಮೊನ್ನೆ ಸಂಜೆ ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರದ ಅಂಗಡಿಯೊಂದರಲ್ಲಿ ತೊಗರಿಬೇಳೆ ಕಟ್ಟಿಸುತ್ತಿದ್ದೆ. ಯಜಮಾನರ ಮುಖ ಸಪ್ಪಗಿತ್ತು.

'ಮಗಳು ಬಿ.ಎ.ಗೆ ಫಿಲಾಸಫಿ ತಗೋತೀನಿ ಅಂತಾಳೆ ಸಾರ್. ಅದನ್ನ ಓದಿ ಮಠ ಸೇರ್ಕೋತಾಳಾ, ಇಲ್ಲಾ ನನ್ನ ತಕ್ಕಡಿ ಹಿಡೀತಾಳಾ?'

ಅವರ ಸಂಕಟ ಸುಳ್ಳಲ್ಲ. ಮೂರು ವರ್ಷ ಫೀಸು ಕಟ್ಟುವವರು ಅವರು. ಫಿಲಾಸಫಿ ಡಿಗ್ರಿ ನೋಡಿ ಕರೆದು ಕೆಲಸ ಕೊಡುವ ಕಂಪೆನಿ ನಾನಂತೂ ಕಂಡಿಲ್ಲ. ಐ.ಎ.ಎಸ್. ಬರೆಯುವವರಿಗೆ ಅದು ಐಚ್ಛಿಕ ವಿಷಯ, 2013ರಿಂದ ನೀತಿಶಾಸ್ತ್ರದ ಪತ್ರಿಕೆ ಎಲ್ಲರಿಗೂ ಕಡ್ಡಾಯ, ಎಂದೆ. 'ಐ.ಎ.ಎಸ್. ಎಷ್ಟು ಜನ ಆಗ್ತಾರೆ ಬಿಡಿ' ಎಂದರು. ಅದೂ ಸರಿಯೇ!

ರಾಧಾಕೃಷ್ಣನ್ ಹೆಸರು ಎತ್ತಬಹುದಿತ್ತು. 1918ರಿಂದ 1921ರವರೆಗೆ ನಮ್ಮ ಮಹಾರಾಜಾ ಕಾಲೇಜಿನಲ್ಲೇ ಫಿಲಾಸಫಿ ಹೇಳಿಕೊಟ್ಟವರು; ಕಲ್ಕತ್ತೆಗೆ ಹೊರಟಾಗ ಹುಡುಗರೇ ಸಾರೋಟು ಎಳೆದು ರೈಲಿಗೆ ಬಿಟ್ಟರು. ಆದರೆ ರಾಷ್ಟ್ರಪತಿಯ ಉದಾಹರಣೆ ಅಂಗಡಿಗೆ ಯಾಕೆ? ಭೈರಪ್ಪನವರ ಮಾತು ತೆಗೆದೆ. ಪ್ಲೇಗಿಗೆ ಮನೆಯವರನ್ನು ಕಳೆದುಕೊಂಡ ಹುಡುಗ, ಮುಂಬಯಿ ರೈಲ್ವೆ ನಿಲ್ದಾಣದಲ್ಲಿ ಮೂಟೆ ಹೊತ್ತವರು. ಸಾವು ಅಂದರೇನು ಎಂಬ ಪ್ರಶ್ನೆ ಬಿಡದೆ ಕಾಡಿ ಫಿಲಾಸಫಿ ಹಿಡಿದರು, ಮೈಸೂರಿನಲ್ಲಿ ಎಂ.ಎ. ಚಿನ್ನದ ಪದಕ ಪಡೆದರು. 1991ರಲ್ಲಿ ನಿವೃತ್ತರಾಗುವವರೆಗೆ ಮೇಷ್ಟ್ರ ಸಂಬಳದಲ್ಲೇ ಸಂಸಾರ ನಡೆಯಿತು.

'ಸರಿ, ಅಲ್ಲಿ ಕಲಿಸೋದಾದ್ರೂ ಏನು?'

ಬೆಟ್ಟದ ಮೇಲೆ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ. ಇದು ನ್ಯಾಯಶಾಸ್ತ್ರದವರ ಹಳೇ ಪಾಠ. ಹೇಗೆ ಗೊತ್ತು? ಅಡುಗೆಮನೆಯಲ್ಲಿ ಹೊಗೆ, ಬೆಂಕಿ ಒಟ್ಟಿಗೆ ನೋಡಿದ್ದೇವೆ. ಆದರೆ ಬೆಟ್ಟದ ಮೇಲಿರೋದು ಹೊಗೆಯೋ, ಮಂಜೋ? ಅಲ್ಲಿ ಎಡವಿದರೆ ಬೆಂಕಿಯೂ ಸುಳ್ಳು.

'ನೀವೂ ದಿನಾ ಇದೇ ಮಾಡ್ತೀರಲ್ಲ. ಗಿರಾಕಿ ಇಸ್ತ್ರಿ ಅಂಗಿ ಹಾಕಿದ್ದಾನೆ, ಆದ್ದರಿಂದ ಸಾಲ ತೀರಿಸ್ತಾನೆ ಅಂತ.'

ಯಜಮಾನರು ನಕ್ಕುಬಿಟ್ಟರು. ಸಾಲದ ಪುಸ್ತಕ ತೆಗೆದು ತೋರಿಸಿದರು. ಇಸ್ತ್ರಿ ಅಂಗಿಯವರೇ ಮೂರು ಪುಟ!

'ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ನಂಬಬೇಡಪ್ಪಾ, ಯಾರು ನೋಡಿದ್ದು ಅಂತ ಕೇಳು ಅಂತಾಳೆ, ನನಗೇ ಪಾಠ' ಎಂದು ಗೊಣಗಿದರು. ದನಿಯಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಜಾಸ್ತಿ ಇದ್ದ ಹಾಗಿತ್ತು.

ಸಹಿ ಹಾಕಲು ಸೋಮವಾರದವರೆಗೆ ಗಡುವಂತೆ. ಅರ್ಜಿ ಫಾರಂ ಗಲ್ಲದ ಪಕ್ಕ, ತೂಕದ ಕಲ್ಲಿನಡಿ ಇತ್ತು.