ಮೂರು ತೂತಿನ ಬಾಟಲಿ

ನೆಲಮಹಡಿಯ ಬಚ್ಚಲುಮನೆಯಲ್ಲಿ ಬಿಂದಿಗೆಯನ್ನು ನೋಡನೋಡುತ್ತಿರುವಂತೆಯೇ ತುಂಬಿಸುವ ನೀರು, ಅದೇ ಟ್ಯಾಂಕಿನಿಂದ ಅದೇ ಕೊಳವೆಯಲ್ಲಿ ಇಳಿದುಬರುವುದಾದರೂ ಮೇಲ್ಮಹಡಿಯ ನಲ್ಲಿಯಲ್ಲಿ ಸಣ್ಣಗೆ ಬರುವುದೇಕೆಂದು ಮಗು ಕೇಳಿತೆಂದರೆ, ‘ಮೇಲೆ ಫೋರ್ಸ್ ಇಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಉತ್ತರ ಸುಳ್ಳಲ್ಲ; ಆದರೆ ಅದು ಪ್ರಶ್ನೆಯನ್ನೇ ತಿರುಗಿಸಿ ಹೇಳಿದಂತಾಯಿತೇ ಹೊರತು ಕಾರಣವನ್ನು ತಿಳಿಸಿದಂತಾಗಲಿಲ್ಲ. ಟ್ಯಾಂಕಿನಲ್ಲಿರುವ ನೀರಿನ ಮೇಲ್ಮೈಯಿಂದ ನಲ್ಲಿಯ ಬಾಯಿಯವರೆಗೆ ಲಂಬವಾಗಿ ಎಷ್ಟು ಅಂತರವಿದೆಯೋ ಅದಕ್ಕನುಗುಣವಾಗಿ ಒತ್ತಡವು ಹೆಚ್ಚುತ್ತ ಹೋಗುವುದೆಂಬುದೂ, ಹತ್ತು ಮೀಟರು ಆಳಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಭಾರವು ಒದಗುವುದೆಂಬುದೂ ಕಾರಣ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಕಣ್ಣಿಗೆ ಕಾಣಿಸುವುದು ಲೇಸು. ಅದಕ್ಕೆ ಪ್ರಯೋಗಶಾಲೆಯ ಅಗತ್ಯವೂ ಇಲ್ಲ.

ಎರಡು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯೊಂದನ್ನು ತೆಗೆದುಕೊಂಡು, ದಬ್ಬಣವನ್ನು ಒಲೆಯ ಉರಿಯಲ್ಲಿ ಕಾಯಿಸಿ (ಈ ಕೆಲಸ ದೊಡ್ಡವರದು), ತಳದಿಂದ 6, 12 ಮತ್ತು 18 ಸೆಂಟಿಮೀಟರು ಎತ್ತರದಲ್ಲಿ ಸಮಾನ ಗಾತ್ರದ ಮೂರು ತೂತುಗಳನ್ನು ಮಾಡಬೇಕು. ಅವು ಒಂದರ ನೇರಕ್ಕೊಂದು ಇರದೆ ಒಂದಿಷ್ಟು ಓರೆಯಾಗಿದ್ದರೆ ಧಾರೆಗಳು ಪರಸ್ಪರ ತಾಗುವುದಿಲ್ಲ. ತೂತಿನ ಅಂಚಿನಲ್ಲಿ ಕರಗಿ ಎದ್ದುನಿಂತ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಹೆರೆದು ಸಮ ಮಾಡದಿದ್ದರೆ ಧಾರೆಯು ನೆಟ್ಟಗೆ ಚಿಮ್ಮದೆ ಬಾಟಲಿಯ ಮೈಯನ್ನೇ ಹಿಡಿದು ಜಾರಿಬಿಡುತ್ತದೆ. ಮುಚ್ಚಳವನ್ನು ತೆಗೆದಿರದಿದ್ದರೆ ನೀರು ತಡೆತಡೆದು ಬರುತ್ತದೆ. 24 ಸೆಂಟಿಮೀಟರಿನವರೆಗೆ ನೀರು ತುಂಬಿ, ಆ ಮಟ್ಟ ಇಳಿಯದಂತೆ ಚೆಂಬಿನಿಂದ ಮೇಲೆ ಹುಯ್ಯುತ್ತಲೇ ಇದ್ದು, ತೂತುಗಳನ್ನು ಮುಚ್ಚಿದ್ದ ಬೆರಳುಗಳನ್ನು ಒಮ್ಮೆಗೇ ತೆಗೆಯಬೇಕು.

ಮಕ್ಕಳ ವಿಜ್ಞಾನದ ಅನೇಕ ಪುಸ್ತಕಗಳಲ್ಲಿ ಈ ಪ್ರಯೋಗದ ಚಿತ್ರವಿದೆ. ಕೆಳಗಿನ ಧಾರೆ ಅತಿ ದೂರಕ್ಕೂ, ಮೇಲಿನದು ಅತಿ ಸಮೀಪಕ್ಕೂ, ನಡುವಣದು ಎರಡರ ಮಧ್ಯಕ್ಕೂ ಬೀಳುವಂತೆ ಬರೆದ ಆ ಚಿತ್ರವು ಮನಸ್ಸಿಗೆ ಹಿತವಾಗಿದ್ದರೂ, ಬಾಟಲಿಯನ್ನು ಸಮನೆಲದ ಮೇಲಿಟ್ಟಾಗ ಕಾಣುವುದು ಅದಲ್ಲ. ಅಲ್ಲಿ ಅತಿ ದೂರ ಹೋಗುವುದು ನಡುವಣ ಧಾರೆ, ಲೆಕ್ಕದ ಮೇರೆಗೆ 24 ಸೆಂಟಿಮೀಟರು. ಮೇಲಿನದೂ ಕೆಳಗಿನದೂ ಸುಮಾರು 21 ಸೆಂಟಿಮೀಟರಿನಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ನೆಲವನ್ನು ಮುಟ್ಟುತ್ತವೆ. ತೂತಿನ ಘರ್ಷಣೆಯಿಂದ ಈ ಅಂಕಿಗಳು ತುಸು ತಗ್ಗಬಹುದು, ಕ್ರಮವಂತೂ ಮಾರ್ಪಡದು. ಕೆಳಗಿನ ಧಾರೆಯ ವೇಗ ಮೇಲಿನದರ ಒಂದೂಮುಕ್ಕಾಲು ಪಟ್ಟಿನಷ್ಟಿರುವುದೇನೋ ನಿಜ. ಆದರೆ ಬೀಳಲು ಅದಕ್ಕೆ ದೊರೆತಿರುವ ಎತ್ತರ ಅತ್ಯಲ್ಪವಾದುದರಿಂದ ತನ್ನ ವೇಗವನ್ನು ದೂರವಾಗಿ ಮಾರ್ಪಡಿಸಿಕೊಳ್ಳುವಷ್ಟು ಅವಕಾಶವೇ ಅದಕ್ಕಿರುವುದಿಲ್ಲ. ಇನ್ನು ಅದೇ ಬಾಟಲಿಯನ್ನು ಒಂದಡಿ ಎತ್ತರದ ಮಣೆಯ ತುದಿಯಲ್ಲಿಟ್ಟು ನೋಡಿದರೆ, ಪುಸ್ತಕದ ಚಿತ್ರವು ಒಮ್ಮೆಲೇ ದಿಟವಾಗಿ, ಕೆಳಗಿನ ಧಾರೆ ಎಲ್ಲವನ್ನೂ ಹಿಂದಿಕ್ಕುತ್ತದೆ. ಆಳಕ್ಕೂ ಧಾರೆಯ ವೇಗಕ್ಕೂ ಇರುವ ಈ ಸಂಬಂಧವನ್ನು 1644ರಲ್ಲಿ ಪ್ರಕಟಪಡಿಸಿದವನು ಇಟಲಿಯ ಟಾರಿಚೆಲ್ಲಿ. ನನ್ನನ್ನು ಕೇಳಿದರೆ, ನೆಲದ ಮೇಲಿನ ಪ್ರಯೋಗವನ್ನೇ ಮೊದಲು ಮಾಡಿಸಬೇಕು. ಪುಸ್ತಕದಲ್ಲಿ ಇದ್ದಂತೆ ಆಗಲಿಲ್ಲವಲ್ಲ ಎಂದು ಹತ್ತು ವರ್ಷದ ಹುಡುಗಿ ಹುಬ್ಬುಗಂಟಿಕ್ಕಿದ ಮೇಲೆ ಮಣೆಯನ್ನು ತರಿಸಬೇಕು.

ಒತ್ತಡವು ಕೆಳಮುಖವಾಗಿ ಮಾತ್ರ ಇರುವುದೆಂಬ ಭ್ರಮೆಯನ್ನು ಕಳೆಯಲು ಇನ್ನೂ ಸುಲಭವಾದ ಉಪಾಯವಿದೆ. ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಕೈಯನ್ನು ತೂರಿಸಿ, ಬಾಯಿಯೊಳಗೆ ನೀರು ನುಗ್ಗದಂತೆ, ತುಂಬಿದ ಬಕೆಟ್ಟಿನಲ್ಲಿ ಮೆಲ್ಲನೆ ಇಳಿಸಿದರೆ, ಚೀಲವು ಅಂಗೈ, ಮುಂಗೈ, ಬೆರಳ ಸಂದಿ ಎನ್ನದೆ ಎಲ್ಲೆಡೆಯಿಂದಲೂ ಮೈಗಂಟಿಕೊಳ್ಳುತ್ತದೆ.

ಮಕ್ಕಳಿಗಿರಲಿ, ದೊಡ್ಡವರಿಗೂ ನಂಬಲು ಕಷ್ಟವಾದ ಸಂಗತಿಯೆಂದರೆ, ಒತ್ತಡಕ್ಕೆ ನೀರಿನ ರಾಶಿಯ ಹಂಗಿಲ್ಲವೆಂಬುದು. ಫ್ಲೆಮಿಶ್ ಗಣಿತಜ್ಞ ಸೈಮನ್ ಸ್ಟೆವಿನ್ 1586ರಲ್ಲಿಯೇ ಇದನ್ನು ನಿರೂಪಿಸಿದ್ದನು. ಮನೆ ಕಟ್ಟುವ ಮೇಸ್ತ್ರಿಗಳು ಉದ್ದನೆಯ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ, ಗುಳ್ಳೆಯೊಂದೂ ಉಳಿಯದಂತೆ ಬೆರಳಿನಿಂದ ತಟ್ಟಿ ತಟ್ಟಿ ಹೊರಡಿಸಿ, ಎದುರುಬದುರಿನ ಗೋಡೆಗಳಿಗೆ ಮಟ್ಟ ಗುರುತಿಸುವುದನ್ನು ನೋಡಿದ್ದೇವಷ್ಟೆ. ಆ ಟ್ಯೂಬಿನ ಒಂದು ತುದಿಗೆ ತಳ ಕತ್ತರಿಸಿದ ದೊಡ್ಡ ಬಾಟಲಿಯನ್ನು ಬೋರಲಾಗಿ ಬಿಗಿದು ನೀರು ತುಂಬಿದರೂ, ಇನ್ನೊಂದು ತುದಿಯ ಬೆರಳಗಲದ ನೀರು ಬಾಟಲಿಯ ಅಷ್ಟೂ ನೀರಿಗೆ ಸಮನಾಗಿ ನಿಲ್ಲುತ್ತದೆ. ಕನ್ನಂಬಾಡಿಯ ಅಣೆಕಟ್ಟೆಗೆ ಬೀಳುವ ಒತ್ತಡವೂ ಇದೇ ನಿಯಮಕ್ಕೆ ಒಳಪಟ್ಟದ್ದು. ಹಿನ್ನೀರು ಎಷ್ಟು ಮೈಲಿ ಹಬ್ಬಿದ್ದರೂ ಕಟ್ಟೆಗೆ ಅದು ಒಂದೇ, ಲೆಕ್ಕಕ್ಕೆ ಬರುವುದು ಕಟ್ಟೆಯ ಬಳಿಯ ಆಳ ಮಾತ್ರ. ಮಳೆಗಾಲದ ಪತ್ರಿಕೆಗಳಲ್ಲಿ ನಾವು ಕಾತರದಿಂದ ಹುಡುಕುವ 124.80 ಅಡಿಯಷ್ಟು ಆಳದಲ್ಲಿ ಚದರ ಸೆಂಟಿಮೀಟರಿಗೆ 3.8 ಕಿಲೋಗ್ರಾಮಿನಷ್ಟು ನೀರಿನ ಒತ್ತಡವಿರುವುದರಿಂದಲೇ ಕಟ್ಟೆಯ ಬುಡ ಅಷ್ಟು ದಪ್ಪ. ನಮ್ಮ ಹಳೆಯ ಕೆರೆಯ ಏರಿಗಳೂ ಕೆಳಗೆ ಹರಡಿ ಮೇಲೆ ಕಿರಿದಾಗಿರುವುದು ಇದಕ್ಕಾಗಿಯೇ.

ಚಿಕ್ಕದೂ ದೊಡ್ಡದೂ ಆದ ಎರಡು ಸಿರಿಂಜುಗಳನ್ನು ಟ್ಯೂಬಿನಿಂದ ಜೋಡಿಸಿ, ಚಿಕ್ಕದನ್ನು ಅದುಮಿದ ಮಗುವು ದೊಡ್ಡದನ್ನು ಒತ್ತಿಹಿಡಿದ ತಂದೆಯ ಹೆಬ್ಬೆರಳನ್ನು ಎತ್ತಿಬಿಡುವ ವಿನೋದ ಪಾಸ್ಕಲನ ನಿಯಮಕ್ಕೆ ಸಂಬಂಧಿಸಿದ್ದು. ಅದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ, ವಿಸ್ತರಿಸಬೇಕಾದದ್ದಿಲ್ಲ.

ಮೂರು ತೂತಿನ ಬಾಟಲಿಯಿಂದ ಇನ್ನೊಂದು ಉಪಯೋಗವಿದೆ. ಅಂಗಳದಲ್ಲಿ ಮಣೆಯ ಮೇಲೆ ನಿಂತು, ಧಾರೆಗಳು ಚಿಮ್ಮುತ್ತಿರುವಂತೆಯೇ ಅದನ್ನು ಕೆಳಗಿನ ಬುಟ್ಟಿಗೆ ಕೈಬಿಟ್ಟರೆ, ಬೀಳುವಷ್ಟು ಹೊತ್ತು ಧಾರೆಗಳು ನಿಂತುಹೋಗುತ್ತವೆ. ಬಾಟಲಿಯೂ ನೀರೂ ಒಂದೇ ವೇಗದಲ್ಲಿ ಬೀಳುವಾಗ ಮೇಲಿನ ನೀರು ಕೆಳಗಿನದರ ಮೇಲೆ ಭಾರ ಹೇರುವುದಿಲ್ಲ. ಭಾರವಿಲ್ಲದೆಡೆ ಆಳಕ್ಕೆ ಅರ್ಥವೂ ಇಲ್ಲ. ಕೆಳಕ್ಕೆ ಬಿಡುವ ಬದಲು ಮೇಲಕ್ಕೆಸೆದರೆ ಏನಾದೀತೆಂದು ಎಸೆಯುವ ಮೊದಲೇ ಮನೆಮಂದಿಯನ್ನೆಲ್ಲ ಕೇಳಿನೋಡಬಹುದು. ಏರುವಾಗ ಇನ್ನೂ ಜೋರಾಗಿ ಚಿಮ್ಮೀತೆಂದು ಹೇಳುವವರು ಮಕ್ಕಳಿಗಿಂತ ದೊಡ್ಡವರಲ್ಲೇ ಹೆಚ್ಚು. ಆದರೆ ಕೈಯಿಂದ ಬಿಡುಗಡೆಯಾದ ಕ್ಷಣದಿಂದಲೇ ನೀರು, ಏರುವಾಗಲೂ ಇಳಿಯುವಾಗಲೂ, ತೂತುಗಳಿಂದ ಹೊರಕ್ಕೆ ಚಿಮ್ಮದು.